ಮೂರನೆಯ ತಿಂಗಳ ಪದ

ಮೋಡ ರಾತ್ರಿಯೇ ಬಂದು ಕೂತಿದೆ. ಸುರಿಯುವುದೂ ಇಲ್ಲ, ಜಾಗ ಬಿಡುವುದೂ ಇಲ್ಲ. ಮೆಕ್ಲಾಂಗ್ ನದಿಯಿಂದ ಒಳಕ್ಕೆ ಹೊರಳುವ ನಮ್ಮ ಕಾಲುವೆಯ ಮೇಲೆ ಬೆಳಕು ಬೂದಿ ಬಣ್ಣದಲ್ಲೇ ತಡವರಿಸುತ್ತಿದೆ. ಗಾಳಿ ಪೂರ್ತಿ ನಿಂತಿದೆ. ಪಕ್ಕದ ಮನೆಯ ಮಾತಿಗೆ ಕಿವಿಗೊಟ್ಟವರ ಹಾಗೆ ತೆಂಗಿನ ಗರಿಗಳು ಅಲುಗದೆ ನಿಂತಿವೆ. ಇಂಥ ಬೆಳಗನ್ನು ಬೆಲ್ಲದವರು ನಂಬುವುದಿಲ್ಲ. ಹೊಂಬಾಳೆಗೆ ಕಟ್ಟಿದ ಕೊಳವೆಯೊಳಗೆ ಮಳೆಯ ನಾಲ್ಕು ಹನಿ ಬಿದ್ದರೆ ಸಾಕು, ಇರುಳೆಲ್ಲ ತೊಟ್ಟಿಕ್ಕಿದ ನೀರಾ ಕೆಡುತ್ತದೆ.

ಪಯೋಮ್ ದೊಡ್ಡಮ್ಮ ಒಲೆಯ ಮುಂದಿನಿಂದ ಏಳದೆ ಕತ್ತನ್ನಷ್ಟೇ ಹೊರಳಿಸಿ ಆಕಾಶ ನೋಡುತ್ತಾರೆ. "ಇದು ಬರೋ ಮೋಡ ಅಲ್ಲ, ಹೊಂಚು ಹಾಕೋ ಮೋಡ," ಅನ್ನುತ್ತಾರೆ. ದೊಡ್ಡ ಬಾಣಲೆಯಲ್ಲಿ ನೀರಾ ಕುದಿಯುತ್ತಿದೆ. ಉಕ್ಕಿ ಚೆಲ್ಲದಿರಲೆಂದು ಬಾಣಲೆಯ ಅಂಚಿಗೆ ತಳವಿಲ್ಲದ ಬಿದಿರು ಬುಟ್ಟಿ ಕೂರಿಸಿದ್ದಾರೆ. ನೊರೆ ಬುಟ್ಟಿಯ ಕಣ್ಣುಗಳ ತನಕ ಏರುತ್ತದೆ, ಇಣುಕುತ್ತದೆ, ಮತ್ತೆ ಇಳಿಯುತ್ತದೆ. ಅದರ ಏರಿಳಿತಕ್ಕೆ ಸರಿಯಾಗಿ ಅವರ ತುಟಿಗಳು ಅಲುಗುತ್ತಿವೆ. ಹತ್ತಿರ ಹೋದರೆ ಮಾತ್ರ ಕೇಳುತ್ತದೆ:

ಒಂದನೆಯ ತಿಂಗಳು ನೀನೊಂದು ಹನಿ ಕಂದಾ,
ಉಪ್ಪಿನ ಗದ್ದೆಯ ನೀರೊಳಗೆ ಉಪ್ಪಿದ್ದ ಹಾಗೆ
ಇದ್ದರೂ ಕಾಣದೆ ಇದ್ದೆ.

ಎರಡನೆಯ ತಿಂಗಳು ಬಿಸಿಲು ಬಿದ್ದಿತು ಕಂದಾ,
ಕೆನೆಗಟ್ಟಿತು ಉಪ್ಪು ಕಣ್ಣೆವೆಯ ತೆಳುವು,
ಊದಿದರೆ ಒಡೆವಂತೆ ಇದ್ದೆ.

ಅಲ್ಲಿಗೆ ಹಾಡು ನಿಲ್ಲುತ್ತದೆ. ಮತ್ತೆ ಒಂದನೆಯ ತಿಂಗಳಿಂದ ಶುರು. ಇವತ್ತು ಮಧ್ಯಾಹ್ನ ಒಂದು ಮನೆಯಲ್ಲಿ ಈ ಹಾಡನ್ನು ಒಂಬತ್ತು ತಿಂಗಳು ತುಂಬುವ ತನಕ ಹಾಡಬೇಕು. ಅವರ ಬಳಿ ಮೂರನೆಯ ತಿಂಗಳಿನ ಪದ ಇಲ್ಲ.

ಈ ಕಾಲುವೆಯಲ್ಲಿ ಅವರಿಗಿಂತ ಹಿರಿಯರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಾರೆ. ಅರವತ್ತು ದಾಟಿದೆ. ಮರ ಹತ್ತುವುದನ್ನು ಬಿಟ್ಟು ಐದಾರು ವರ್ಷವಾಯಿತು. ಅಣ್ಣನ ಮಗ ಹತ್ತಿ ಕೊಳವೆಗಳನ್ನು ಇಳಿಸಿಕೊಡುತ್ತಾನೆ, ಇವರು ಕಾಯಿಸುತ್ತಾರೆ, ಕಡೆಯುತ್ತಾರೆ, ಬಟ್ಟಲಿಗೆ ಸುರಿದು ಆರಿಸುತ್ತಾರೆ. ನೀರಾ ಹುಳಿಯಾಗದಿರಲೆಂದು ಕೊಳವೆಯ ತಳಕ್ಕೆ ಒಂದು ಒಗರು ಮರದ ಚಕ್ಕೆ ಹಾಕುವುದುಂಟು. ಆ ಮರದ ಹೆಸರು ಪಯೋಮ್. ಅದನ್ನೇ ಅಪ್ಪ ಮಗಳಿಗಿಟ್ಟ. "ಸಿಹಿ ಹೆಸರು ಬೇಕಾದಷ್ಟಿದ್ವು. ನಮ್ಮಪ್ಪ ಹುಡುಕಿ ಹುಡುಕಿ ಚಕ್ಕೆ ಹೆಸರಿಟ್ಟ. ನನ್ನ ಬಾಯಿ ಹೀಗಿದ್ರೆ ನನ್ನ ತಪ್ಪೇನು," ಎಂದು ಅವರು ನಗುತ್ತಾರೆ.

ಬೆಲ್ಲ ಅವರ ಹೊಟ್ಟೆಪಾಡು. ಇನ್ನೊಂದು ಕೆಲಸ ಇದೆ; ಅದರ ಬಗ್ಗೆ ಯಾವ ಪತ್ರಿಕೆಯೂ ಬರೆದಿಲ್ಲ, ಯಾವ ಸಭೆಯೂ ಶಾಲು ಹೊದಿಸಿಲ್ಲ. ನಮ್ಮ ಕಡೆ ಗಂಡುಮಗ ಇಪ್ಪತ್ತು ದಾಟಿದ ಮೇಲೆ ಒಂದು ಮಳೆಗಾಲವಾದರೂ ಭಿಕ್ಷುವಾಗಿ ವಿಹಾರದಲ್ಲಿ ಕಳೆಯಬೇಕು. ತಾಯಿಯ ಹಾಲಿನ ಋಣ ತೀರುವುದು ಹಾಗೆ. ದೀಕ್ಷೆಯ ಹಿಂದಿನ ದಿನ ಅವನ ತಲೆ, ಹುಬ್ಬು ಬೋಳಿಸಿ ಬಿಳಿ ಬಟ್ಟೆ ಉಡಿಸುತ್ತಾರೆ. ಆ ಎರಡು ದಿನ ಅವನಿಗೆ ಮನೆಯ ಹೆಸರಿಲ್ಲ, ಎಲ್ಲರಿಗೂ ಅವನು ನಾಗ. ಮನುಷ್ಯನ ಜೊತೆ ಹೊಟ್ಟೆಯೊಳಗೇ ಬಂದು ಸೇರುವ ಖ್ವನ್ ಎಂಬ ಜೀವಕಳೆ ಬಲು ಪುಕ್ಕಲು. ಇಂಥ ದೊಡ್ಡ ಹೊರಳುವಿಕೆಯಲ್ಲಿ ಅದು ಬೆಚ್ಚಿ ಓಡಿಹೋಗುತ್ತದೆ. ಅದನ್ನು ಹಾಡಿ ಕರೆಯಬೇಕು. ಎಲ್ಲಿಂದ ಬಂದಿತೋ ಅಲ್ಲಿಂದಲೇ, ಆ ಮೊದಲ ಹನಿಯಿಂದಲೇ ಕರೆದರೆ ಮಾತ್ರ ಅದು ತಿರುಗಿ ಬರುತ್ತದೆ. ಹುಟ್ಟೇ ದುಃಖದ ಬೇರು ಎಂದು ಭಗವಾನ್ ಬುದ್ಧ ಹೇಳಿದ್ದಾನೆ. ಆದರೂ ಅವನ ಹಾದಿಗೆ ಹೊರಟವನನ್ನು ನಮ್ಮ ಜನ ಹುಟ್ಟಿನ ಹಾಡು ಹಾಡಿಯೇ ಕಳಿಸುತ್ತಾರೆ. ಇದನ್ನು ನೆನೆದಾಗಲೆಲ್ಲ ಕೈ ತಾನಾಗಿ ಮುಗಿದುಕೊಳ್ಳುತ್ತದೆ.

ವೈಶಾಖದ ಹುಣ್ಣಿಮೆ ಕಳೆದು ಭಿಕ್ಷುಗಳ ಮಳೆಗಾಲದ ವ್ರತ ಶುರುವಾಗುವ ತನಕ ದೊಡ್ಡಮ್ಮನಿಗೆ ಬಿಡುವಿಲ್ಲ. ವಾರಕ್ಕೆ ಎರಡು ಮನೆ, ಒಮ್ಮೊಮ್ಮೆ ಮೂರು. ಬೆಳಗಿನ ಜಾವ ಒಲೆ ಹಚ್ಚಿ, ಬೆಲ್ಲ ಇಳಿಸಿ, ಮಿಂದು, ಬಿಳಿ ರವಿಕೆ ತೊಟ್ಟು, ತಾಳವನ್ನು ಮಡಿಲಲ್ಲಿಟ್ಟುಕೊಂಡು ದೋಣಿ ಹತ್ತುತ್ತಾರೆ. ಈಗೀಗ ಪೇಟೆಯಿಂದ ಹಾಡಿನ ತಂಡಗಳು ಬರುತ್ತವೆ. ಅವಕ್ಕೆ ಆಳೆತ್ತರದ ಸ್ಪೀಕರು, ಬಣ್ಣದ ದೀಪ, ಕೀಬೋರ್ಡು. ತಾಯಿಯ ಹೆಸರನ್ನಷ್ಟೇ ಬದಲಿಸಿ ಎಲ್ಲ ಮನೆಗೂ ಒಂದೇ ಹಾಡು. ಜನ ಅಳುತ್ತಾರೆ. "ಆ ಸದ್ದಿಗೆ ಕೋಳಿನೂ ಅಳತ್ತೆ," ಅನ್ನುತ್ತಾರೆ ದೊಡ್ಡಮ್ಮ.

ಅವರ ಪದ್ಧತಿಯೇ ಬೇರೆ. ಹಾಡಿಗೆ ಒಪ್ಪಿಕೊಂಡ ಮೇಲೆ ಒಂದು ಮಧ್ಯಾಹ್ನ ಆ ಮನೆಗೆ ಹೋಗಿ ತಾಯಿಯ ಎದುರು ನೆಲದ ಮೇಲೆ ಕೂರುತ್ತಾರೆ. ವೀಳ್ಯ ಮಡಚುತ್ತ ಕೇಳುತ್ತಾರೆ. ಏನು ತಿನ್ನಬೇಕೆನಿಸಿತ್ತು? ಯಾವ ಮಗ್ಗುಲಿಗೆ ನೋವು? ಯಾವ ಕನಸು ಬಿತ್ತು? ಹೆತ್ತ ಮೇಲೆ ಮೈ ಕಾಯಿಸುವ ಬಾಣಂತಿಯ ಬೆಂಕಿಗೆ ಯಾರು ಕಾವಲಿದ್ದರು? ಆ ತಾಯಿಯ ಬಯಕೆಯೇ ಮೂರನೆಯ ತಿಂಗಳ ಪದವಾಗುತ್ತದೆ. ಒಬ್ಬಳು ಒಲೆಯ ಮಣ್ಣು ತಿಂದಿದ್ದಳು. ಇನ್ನೊಬ್ಬಳಿಗೆ ಹೊಸ ದೋಣಿಗೆ ಬಳಿದ ರಾಳದ ವಾಸನೆ ಬೇಕಿತ್ತು. ರಾತ್ರಿ ಎದ್ದು ಕಟ್ಟೆಗೆ ಹೋಗಿ ದೋಣಿಗೆ ಮೂಗು ಹಚ್ಚಿ ಕೂರುತ್ತಿದ್ದಳಂತೆ. ಇಪ್ಪತ್ತು ವರ್ಷದ ಹಿಂದಿನ ಆ ಗುಟ್ಟು ತಾಳದ ಜೊತೆ ಹೊರಬಂದಾಗ ಬೋಳುತಲೆಯ ಮಗ ತಾಯಿಯ ಮುಖ ನೋಡುತ್ತಾನೆ. ಅಳು ಬರುವುದು ಅಲ್ಲಿ.

ಈ ಕೇಳುವ ಚಾಳಿಯೇ ಅವರ ಮೇಲೆ ಅನುಮಾನ ತಂದಿದೆ. ದೊಡ್ಡಮ್ಮನ ದೋಣಿ ಬಂತೆಂದರೆ ಬಾಗಿಲು ಅರ್ಧ ಮುಚ್ಚುವ ಮನೆಗಳಿವೆ. ಹಾಡಿನ ನೆಪದಲ್ಲಿ ಮನೆಯೊಳಗಿನದನ್ನು ಕೆದಕುತ್ತಾಳೆ ಎನ್ನುವವರಿದ್ದಾರೆ. ಹೆರದ ಹೆಂಗಸು ಬಸಿರಿನ ಹಾಡು ಹೇಳುವುದೇನು ಎಂದು ಅವರಿಗೆ ಕೇಳಿಸುವ ಹಾಗೆಯೇ ಆಡಿಕೊಳ್ಳುವವರೂ ಇದ್ದಾರೆ.

ಈ ಮಾತನ್ನು ಅವರ ಮುಂದಿಟ್ಟರೆ ಸಿಟ್ಟಿಲ್ಲ. ಒಲೆಗೆ ತೆಂಗಿನ ಸಿಪ್ಪೆ ಒಟ್ಟುತ್ತ ಹೇಳುತ್ತಾರೆ: "ನನ್ನ ಹೊಟ್ಟೇಲಿದ್ದದ್ದು ಆರನೇ ತಿಂಗಳಿಗೆ ಹೋಯ್ತು. ಆಮೇಲೆ ನಿಲ್ಲಲಿಲ್ಲ, ಗಂಡನೂ ಉಳೀಲಿಲ್ಲ. ಆರನೇ ತಿಂಗಳ ತನಕ ನನಗೇ ಗೊತ್ತು. ಅಲ್ಲಿಂದ ಮುಂದಿಂದು ಯಾರನ್ನಾದ್ರೂ ಕೇಳೇ ತಿಳ್ಕೋಬೇಕು. ಅದಕ್ಕೇ ಕೇಳ್ತೀನಿ."

ಹಾಡು ಅಪ್ಪನಿಂದ ಬಂದದ್ದು, ಆದರೆ ಅಪ್ಪ ಕಲಿಸಿದ್ದಲ್ಲ. ಹೆಣ್ಣುಮಕ್ಕಳಿಗೆ ಇದು ಸಲ್ಲದು ಎನ್ನುತ್ತಿದ್ದ ಮನುಷ್ಯ ಅವನು. ಮಗಳನ್ನು ದೋಣಿ ನಡೆಸಲಿಕ್ಕೆ ಮಾತ್ರ ಕರೆದೊಯ್ಯುತ್ತಿದ್ದ. ಹೋಗುವಾಗ ಅವನು ಗುನುಗುತ್ತಿದ್ದದ್ದೆಲ್ಲ ದೋಣಿಯ ಹುಟ್ಟಿನ ಲಯಕ್ಕೆ ಅಂಟಿಕೊಂಡು ಅವಳ ತೋಳೊಳಗೆ ಇಳಿಯಿತು. ಅವನ ಗಂಟಲು ಒಡೆದ ವರ್ಷ, ಒಂದು ಮನೆಯಲ್ಲಿ ನಡುವೆ ಹಾಡು ನಿಂತಾಗ, ಬಾಗಿಲಾಚೆ ಕೂತಿದ್ದ ಮಗಳು ಮುಂದಿನ ಸಾಲು ಎತ್ತಿಕೊಟ್ಟಳು. ಅಪ್ಪ ತಿರುಗಿ ನೋಡಲಿಲ್ಲ. ತಾಳವನ್ನು ಮಾತ್ರ ನೆಲದ ಮೇಲೆ ಹಿಂದಕ್ಕೆ ಸರಿಸಿದ. ಅದೇ ತಾಳ ಈಗಲೂ ಇದೆ.

ಇವತ್ತಿನ ಮನೆ ಕಾಲುವೆಯ ತುದಿಯ ಸಂಗವಾನ್ ಎಂಬ ಹೆಣ್ಣುಮಗಳದು. ಅವರೂ ಬೆಲ್ಲದವರೇ. ಒಬ್ಬನೇ ಮಗ, ದೋಣಿಯ ಎಂಜಿನ್ ರಿಪೇರಿ ಮಾಡುವ ಹುಡುಗ. ಹುಟ್ಟಿದಾಗ ಸೀಗಡಿಯಷ್ಟೇ ಇದ್ದ, ಹಾಗೆಯೇ ಮುದುರಿಕೊಂಡಿದ್ದ ಅಂತ ಕುಂಗ್ ಎಂದು ಕರೆದರು; ಸೀಗಡಿ ಎಂದೇ ಅರ್ಥ. (ಈ ಮನೆಯವರ ಹೆಸರುಗಳನ್ನು ಬದಲಿಸಿದ್ದೇನೆ. ನಡೆದದ್ದನ್ನು ಬರಿ, ಇರಬಹುದು ಅನ್ನೋದನ್ನ ಬರೀಬೇಡ ಎಂಬುದು ತಮ್ಮ ಬಗ್ಗೆ ಬರೆಯಲು ಹೊರಟ ನನಗೆ ದೊಡ್ಡಮ್ಮ ಹಾಕಿದ ಕರಾರು.) ಕಾಲುವೆಯ ಪಿಸುಮಾತು ಮಾತ್ರ ಹುಡುಗನಷ್ಟೇ ಹಳೆಯದು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮದುವೆಯಾಗಿ ಹನ್ನೆರಡು ವರ್ಷ ಮಕ್ಕಳಿಲ್ಲದ ಸಂಗವಾನ್ ಒಂದು ಬೇಸಿಗೆಯಲ್ಲಿ ತಂಗಿಯನ್ನು ಕರೆದುಕೊಂಡು ದೂರದ ಒಂದು ಬಂದರು ಊರಿಗೆ ಹೋದರು. ತಂಗಿ ಯುಪಿನ್ ಆಗ ಮದುವೆಯಾಗದ ಹುಡುಗಿ, ಮೀನು ಪೇಟೆಯಲ್ಲಿ ಬಂಗುಡೆಯ ಕತ್ತು ಬಾಗಿಸಿ ಬುಟ್ಟಿಗೆ ಕೂರಿಸುವ ಕೆಲಸದವಳು. ಮಳೆಗಾಲ ಮುಗಿದ ಮೇಲೆ ಇಬ್ಬರೂ ಬಂದರು. ಅಕ್ಕನ ತೋಳಲ್ಲಿ ಮಗುವಿತ್ತು. ತಂಗಿ ಮೂಟೆ ಹೊತ್ತಿದ್ದಳು. ಅಂದಿನಿಂದ ಕಾಲುವೆ ಒಂದು ಕಣ್ಣು ಅಕ್ಕನ ಮೇಲೆ, ಒಂದು ಕಣ್ಣು ತಂಗಿಯ ಮೇಲೆ ಇಟ್ಟುಕೊಂಡೇ ಬದುಕಿದೆ. ಯುಪಿನ್ ಆಮೇಲೂ ಮದುವೆಯಾಗಲಿಲ್ಲ. ಪೇಟೆಯಲ್ಲಿ ಒಂದು ಕೋಣೆ, ಅದೇ ಬುಟ್ಟಿ, ಅದೇ ಬಂಗುಡೆ. ಹಬ್ಬಕ್ಕೆ ಬರುತ್ತಾಳೆ, ಹುಡುಗ ಚಿಕ್ಕಮ್ಮ ಅನ್ನುತ್ತಾನೆ, ಸಂಜೆಯೊಳಗೆ ಹೊರಡುತ್ತಾಳೆ. ಹೊರಡುವ ತನಕ ಸಂಗವಾನ್ ನೆಟ್ಟಗೆ ಕೂರುವುದಿಲ್ಲ.

ದೊಡ್ಡಮ್ಮ ಪಿಸುಮಾತಿಗೆ ಕಿವಿ ಕೊಟ್ಟವರಲ್ಲ. ಆದರೆ ಕಳೆದ ವಾರ ಆ ಮನೆಯಲ್ಲಿ ಕೂತು ವೀಳ್ಯ ಮಡಚಿ ಕೇಳಿದಾಗ, ಬಯಕೆ ಏನಿತ್ತು ಎಂಬ ಮಾತು ಮುಗಿಯುವ ಮೊದಲೇ ಸಂಗವಾನ್ ಉತ್ತರ ಕೊಟ್ಟರು. ಎಳೆ ಹುಣಸೆಕಾಯಿ, ಉಪ್ಪು, ಮೆಣಸಿನಕಾಯಿ ಎಂದರು. ಅದು ಹಿಂದಿನ ತಿಂಗಳು ಪಕ್ಕದ ಮನೆಯಲ್ಲಿ ದೊಡ್ಡಮ್ಮ ಹಾಡಿದ್ದೇ. ಯಾವ ಮಗ್ಗುಲು ಎಂದರೆ ಎರಡೂ ಎಂದರು. ಬಾಣಂತಿಯ ಬೆಂಕಿಗೆ ಏನು ಉರಿಸಿದಿರಿ ಎಂಬುದು ಸುಮ್ಮನೆ ಕೇಳುವ ಮಾತು. ಸಂಗವಾನ್, ತೆಂಗಿನ ಸಿಪ್ಪೆ, ಇನ್ನೇನು, ಎಂದುಬಿಟ್ಟರು.

"ದಿನಾ ಬೆಲ್ಲದ ಒಲೆಗೆ ಒಟ್ಟೋದು ಅದೇ ಅಲ್ವಾ, ಬಾಯಿಗೆ ಬಂತು," ಅನ್ನುತ್ತಾರೆ ದೊಡ್ಡಮ್ಮ. "ಸಿಪ್ಪೆ ಹೊಗೇಲಿ ಹಸುಗೂಸು ಒಂದು ಗಳಿಗೆ ಉಳಿಯಲ್ಲ. ಬೆಂಕಿ ಮಗ್ಗುಲಲ್ಲಿ ಮಲಗಿದ ಯಾವ ಬಾಣಂತಿನೂ ಆ ಮಾತು ಆಡಲ್ಲ."

ಅಷ್ಟರಲ್ಲಿ ಅಡಿಗೆಮನೆಯಿಂದ, ಪಾತ್ರೆ ಉಜ್ಜುವ ಸದ್ದಿನ ನಡುವೆ, ಯುಪಿನ್ ದನಿ ಬಂತು: "ಹುಣಸೆ ಕೊರಡು, ಅಕ್ಕ. ಕಿಡಿ ಹಾರಲ್ಲ ಅಂತ ಹುಣಸೆ ಕೊರಡು ತಂದಿದ್ವಿ." ಹಾಗೆಂದವಳು ಬಾಗಿಲಿಗೆ ಬಂದು ನಿಂತಳು. ಒದ್ದೆ ಕೈ ತನ್ನಷ್ಟಕ್ಕೆ ಬಲ ಸೊಂಟದ ಮೇಲೆ ಹೋಯಿತು. ಅಕ್ಕ ನೋಡಿದ ಕೂಡಲೆ ಕೈ ಇಳಿಯಿತು. ಬಾಣಂತಿಯನ್ನು ನೋಡಿಕೊಂಡವಳಿಗೂ ಕೊರಡು ಯಾವುದೆಂದು ಗೊತ್ತಿರುತ್ತದಲ್ಲ, ಎಂದು ದೊಡ್ಡಮ್ಮ ತಮಗೆ ತಾವೇ ಹೇಳಿಕೊಂಡರು. ಅನುಮಾನ ಮಾತ್ರ ದೋಣಿ ಹತ್ತುವಾಗ ಜೊತೆಗೇ ಹತ್ತಿತು.

ಕಟ್ಟೆಯ ತನಕ ಬಂದ ಸಂಗವಾನ್, ಹಗ್ಗ ಬಿಚ್ಚುವ ಮೊದಲು ದನಿ ತಗ್ಗಿಸಿ ಹೇಳಿದರು: "ದೊಡ್ಡಮ್ಮ, ಎಲ್ಲರ ಮನೇಲಿ ಏನು ಹಾಡ್ತೀಯೋ ಅದನ್ನೇ ಹಾಡು. ಹೊಸದು ಕಟ್ಟಬೇಡ. ಆಗಲ್ಲ ಅಂದ್ರೆ ಈಗಲೇ ಹೇಳು, ಪೇಟೆ ತಂಡಕ್ಕೆ ಫೋನ್ ಮಾಡ್ತೀನಿ." ಹಗ್ಗ ಬಿಚ್ಚಿ ಕೊಡುತ್ತ, "ಅವನಿಗೆ ನಾನೊಬ್ಬಳೇ ಅಮ್ಮ," ಎಂದರು.

ದೊಡ್ಡಮ್ಮ ಹಾಡುತ್ತೇನೆ ಎಂದಷ್ಟೇ ಹೇಳಿ ಬಂದರು. ಬಂದ ದಿನದಿಂದ ಮೂರನೆಯ ತಿಂಗಳು ಖಾಲಿ. "ಸುಳ್ಳು ಕರೆದ್ರೆ ಕಳೆ ಬರಲ್ಲ. ಆ ಹುಡುಗ ಖಾಲಿ ಮೈ ಹೊತ್ಕೊಂಡು ಚೀವರ ಉಡ್ತಾನೆ. ನಿಜ ಕರೆದ್ರೆ ಅವಳು ಊರ ಮುಂದೆ ಬರಿಗೈ ಆಗ್ತಾಳೆ. ಇಪ್ಪತ್ತು ವರ್ಷ ಆ ಮಗೂನ ಒಂದು ಸೊಳ್ಳೆಗೂ ಬಿಟ್ಟುಕೊಟ್ಟವಳಲ್ಲ ಅವಳು." ಬಾಣಲೆಯ ಪಾಕ ಈಗ ದಪ್ಪ ಗುಳ್ಳೆ ಎಬ್ಬಿಸುತ್ತಿದೆ. ಅವರು ಬುಟ್ಟಿ ತೆಗೆದು ಪಕ್ಕಕ್ಕಿಡುತ್ತಾರೆ.

ಆಗಲೇ ಕಟ್ಟೆಗೆ ಒಂದು ದೋಣಿ ತಾಗುತ್ತದೆ. ಯುಪಿನ್. ಇವತ್ತಿನ ಊಟಕ್ಕೆ ಪೇಟೆಯಿಂದ ಬೇಯಿಸಿದ ಬಂಗುಡೆಯ ಬುಟ್ಟಿಗಳನ್ನು ಒಯ್ಯುತ್ತಿದ್ದಾಳೆ, ದಾರಿಯಲ್ಲಿ ಬೆಲ್ಲ ಬೇಕು ಅನ್ನುತ್ತಾಳೆ. ಅಕ್ಕನ ಮನೆಯಲ್ಲಿ ಬೆಲ್ಲದ ರಾಶಿಯೇ ಇದೆ. ದೊಡ್ಡಮ್ಮ ಏನೂ ಕೇಳದೆ ಬಾಣಲೆ ಇಳಿಸಿ ಕಡೆಯತೊಡಗುತ್ತಾರೆ. ಯುಪಿನ್ ಒಲೆಯ ಬದಿ ಕುಕ್ಕುರುಗಾಲಲ್ಲಿ ಕೂತು, ಪಕ್ಕಕ್ಕಿಟ್ಟ ಬಿದಿರು ಬುಟ್ಟಿಯ ಅಂಚನ್ನು ಉಗುರಿನಿಂದ ಗೀರುತ್ತಾಳೆ.

"ಕೆಲವರಿಗೆ ಚಿತ್ರವಿಚಿತ್ರ ಬಯಕೆ ಆಗತ್ತಂತೆ, ದೊಡ್ಡಮ್ಮ," ಅನ್ನುತ್ತಾಳೆ.

"ಆಗತ್ತೆ."

"ಮೀನಿನ ಬುಟ್ಟಿ ಕಡೀಬೇಕು ಅನ್ಸತ್ತಂತೆ. ಉಪ್ಪುನೀರಲ್ಲಿ ನೆಂದ ಬಿದಿರು ಸೀಳು ಇರತ್ತಲ್ಲ, ಅದು. ಅನ್ನ ನೋಡಿದ್ರೆ ಹೊಟ್ಟೆ ತೊಳೆಸೋದು, ಬುಟ್ಟಿ ಅಂಚು ಬಾಯಿಗಿಟ್ರೆ ಸಮಾಧಾನ. ಯಾರೂ ನೋಡ್ಬಾರ್ದು ಅಂತ ರಾಶಿ ಹಿಂದೆ ಕೂತು ಕಡಿಯೋದು."

"ಯಾರಿಗೆ ಹಾಗಾಗಿದ್ದು?"

"ಯಾರಿಗೋ."

ದೊಡ್ಡಮ್ಮನ ಕೈ ನಿಲ್ಲುವುದಿಲ್ಲ. ಪಾಕ ಬೆಳ್ಳಗಾಗುತ್ತ, ಮರಳುಗಟ್ಟುತ್ತ ಬರುತ್ತಿದೆ. ಯಾವ ಮಗ್ಗುಲಿಗೆ ನೋವಂತೆ ಎಂದು ಕೇಳುತ್ತಾರೆ. ಬಲಕ್ಕಂತೆ, ಎಂದು ಉತ್ತರ ಬರುತ್ತದೆ. ಯುಪಿನ್ ಎದ್ದು ಒಂದು ಬಟ್ಟಲು ಬೆಲ್ಲ ತೆಗೆದುಕೊಂಡು ದೋಣಿ ಹತ್ತುತ್ತಾಳೆ. ಹುಟ್ಟನ್ನು ಕೈಗೆತ್ತಿಕೊಂಡವಳು ತಿರುಗಿ ಒಂದೇ ಮಾತು ಹೇಳುತ್ತಾಳೆ: "ಅಕ್ಕನ ಹೆಸರಿಗೆ ಏನೂ ಆಗಬಾರದು, ದೊಡ್ಡಮ್ಮ."

ಮಧ್ಯಾಹ್ನ. ಸಂಗವಾನ್ ಮನೆಯ ಜಗಲಿಯ ತುಂಬ ಜನ. ಬೆಳಿಗ್ಗೆ ನಾಗನ ತಲೆಯ ಮೊದಲ ಕೂದಲನ್ನು ಸಂಗವಾನ್ ಕತ್ತರಿಸಿ ತಾವರೆ ಎಲೆಯ ಮೇಲಿಟ್ಟಿದ್ದಾರೆ. ಆಮೇಲೆ ಅಪ್ಪ, ಆಮೇಲೆ ನೆಂಟರು ಸಾಲಾಗಿ. ಆ ಹೊತ್ತಿಗೆ ಯುಪಿನ್‌ಗೆ ಅಡಿಗೆಮನೆಯಲ್ಲಿ ಕೆಲಸ ಬಂದಿತ್ತು. ಈಗಲೂ ಅವಳು ಅಲ್ಲೇ, ಬಾಗಿಲ ಸಂದಿಯಲ್ಲಿ ಬಟ್ಟೆಯಂಚಿನಷ್ಟು ಕಾಣುತ್ತಾಳೆ. ನಡುವೆ ಬಾಳೆ ಎಲೆಯ ಗೋಪುರ, ಅದರ ನೆತ್ತಿಗೆ ಒಂದು ಬೆಂದ ಮೊಟ್ಟೆ. ಸುತ್ತ ಬಿಳಿ ನೂಲು. ನೂಲಿನೊಳಗೆ ಬೋಳುತಲೆಯ, ಹುಬ್ಬಿಲ್ಲದ ಕುಂಗ್ ಕೈಮುಗಿದು ಕೂತಿದ್ದಾನೆ. ಹುಬ್ಬಿಲ್ಲದ ಮುಖದಲ್ಲಿ ಏನನ್ನೂ ಓದಲಾಗುವುದಿಲ್ಲ. ಅವನೆದುರು ಅಪ್ಪ, ಅಮ್ಮ. ಸಂಗವಾನ್ ಕಣ್ಣು ಮಗನ ಮೇಲಿಲ್ಲ, ದೊಡ್ಡಮ್ಮನ ಬಾಯಿಯ ಮೇಲಿದೆ.

ತಾಳ ಬೀಳುತ್ತದೆ. ಒಂದನೆಯ ತಿಂಗಳು, ಎರಡನೆಯ ತಿಂಗಳು. ದೊಡ್ಡಮ್ಮನ ದನಿ ಸಣ್ಣದು, ಅದನ್ನು ಕೇಳಬೇಕಾದರೆ ಮಕ್ಕಳೂ ಸುಮ್ಮನಾಗಬೇಕು.

ಮೂರನೆಯ ತಿಂಗಳು ಹೊತ್ತವಳ ಬಾಯೊಳಗೆ
ಮೀನು ಬುಟ್ಟಿಯ ಬಿದಿರು, ಕಡಲುಪ್ಪಿನೊಗರು.
ಅನ್ನ ಸೇರದ ಬಾಯಿ ಬುಟ್ಟಿಯನೆ ಕಡಿಯಿತು ಕಂದಾ,
ಯಾರೂ ಕಾಣದ ಹಾಗೆ, ನಿನಗಾಗಿ ನುಂಗಿತು.

ಅಡಿಗೆಮನೆಯ ಪಾತ್ರೆಗಳ ಸದ್ದು ನಿಲ್ಲುತ್ತದೆ. ದೊಡ್ಡಮ್ಮ ಉಸಿರು ತೆಗೆದುಕೊಳ್ಳಲು ತಾಳ ಬಾರಿಸುವ ಆ ಚೂರು ಬಿಡುವಿನಲ್ಲಿ, ಮುಂದಿನ ಸಾಲಿನ ಪ್ಲಾಂಗ್ ಅಜ್ಜಿ, ಎಂಬತ್ತರ ಹತ್ತಿರದ, ಯಾರ ಮನೆಯ ಯಾವ ವಿಷಯವನ್ನೂ ಮರೆಯದ ಮುದುಕಿ, ಬಾಯಿಯ ವೀಳ್ಯವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ ಕೇಳುತ್ತಾಳೆ:

"ಅಲ್ವೇ ಸಂಗವಾನ್, ನೀನು ಹುಟ್ಟಿದಾಗಿನಿಂದ ಬೆಲ್ಲದ ಒಲೆ ಬಿಟ್ಟವಳಲ್ಲ. ಮೀನು ಬುಟ್ಟಿ ಯಾವಾಗ ಕಡಿದ್ಯೇ?"

ಯಾರೋ ಕಿಸಕ್ಕೆಂದರು. ಎಲ್ಲ ತಲೆಗಳೂ ಒಂದೇ ಕಡೆ ತಿರುಗಿದವು. ಸಂಗವಾನ್ ಗಂಡ ನೆಲ ನೋಡಿದರು. ನಾಗ ಕೈಮುಗಿದಂತೆಯೇ ಕಣ್ಣೆತ್ತಿದ. ಸಂಗವಾನ್ ದೊಡ್ಡಮ್ಮನನ್ನು ನೋಡಿದ ನೋಟ ಹೇಗಿತ್ತೆಂದರೆ, ಆ ತಾಳ ಅಲ್ಲೇ ಬಿರುಕು ಬಿಡಬೇಕಿತ್ತು. ಆಮೇಲೆ ಅವರು ಮುದುಕಿಯ ಕಡೆ ತಿರುಗಿ ನಿಧಾನವಾಗಿ ಹೇಳಿದರು: "ತಂಗಿ ಪೇಟೇಲಿದ್ಲಲ್ಲ, ಅಜ್ಜಿ. ಅವಳೇ ತಂದುಕೊಟ್ಟಿದ್ದು."

ಉತ್ತರ ಸರಿಯಾಗಿಯೇ ಇತ್ತು. ಅಜ್ಜಿಗೆ ಹಿಡಿಯಲು ಏನೂ ಸಿಗಲಿಲ್ಲ. ತಾಳ ಮತ್ತೆ ಎದ್ದಿತು.

ನಾಲ್ಕು, ಐದು. ಆರನೆಯ ತಿಂಗಳ ಪದದಲ್ಲಿ ದೊಡ್ಡಮ್ಮ ಯಾವತ್ತಿನಂತೆ ಕಣ್ಣು ಮುಚ್ಚಿದರು. ಏಳರಲ್ಲಿ ತಾಯಿಯ ಹೆಸರು ಹಿಡಿದು ಹಾಡುವುದು ಪದ್ಧತಿ. ಹೆಸರಿನ ಜಾಗದಲ್ಲಿ ಮತ್ತೆ 'ಹೊತ್ತವಳು' ಎಂದೇ ಬಂತು. ಕಿವಿ ಚುರುಕಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಗವಾನ್ ಮುಷ್ಟಿ ಬಿಗಿದಿತ್ತು. ಒಂಬತ್ತಕ್ಕೆ ಬಂದಾಗ, ಹಿಂದೆ ಯಾವ ಮನೆಯಲ್ಲೂ ಕೇಳದ ಪದ:

ಒಂಬತ್ತು ತುಂಬಿತು, ದೋಣಿ ದಡಕೆ ಬಂತು,
ಹೊತ್ತು ತಂದವಳು ಇಳಿಸಿದಳು ಕಂದಾ.
ಕಾದು ನಿಂತವಳು ಎತ್ತಿಕೊಂಡಳು, ಮತ್ತೆಂದೂ
ನೆಲಕ್ಕೆ ಇಳಿಸಲಿಲ್ಲ.
ಇಬ್ಬರ ಕೈ ಬಿಸಿಯ ನಡುವೆ ನಿನ್ನ ಕಳೆ ಇದೆ, ಬಾ,
ಬೆಚ್ಚಬೇಡ, ಬಾ.

ಕಾದು ನಿಂತವಳನ್ನು ಸೂಲಗಿತ್ತಿ ಎಂದು ತಿಳಿದವರು ಹಾಗೆ ತಿಳಿದರು. ನಾಗನ ಕೆನ್ನೆಯ ಮೇಲೆ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. ಈಗ ನೂಲಿನ ಸುತ್ತ ಕೂತ ನೆಂಟರು ಮೇಣದ ಬತ್ತಿಗಳನ್ನು ಕೈಯಿಂದ ಕೈಗೆ ದಾಟಿಸಬೇಕು. ಬತ್ತಿ ಹಚ್ಚುವಷ್ಟರಲ್ಲಿ ಸಂಗವಾನ್ ದನಿ ಬಂತು, ಸ್ವಲ್ಪ ಗಡುಸಾಗಿ, ಕೆಲಸದವರನ್ನು ಕರೆದ ಹಾಗೆ: "ಯುಪಿನ್, ಪಾತ್ರೆ ಆಮೇಲೆ ತೊಳಿ. ಇಲ್ಲಿ ಕೈ ಕಡಿಮೆ ಇದೆ, ಬಂದು ಕೂತ್ಕೋ."

ಯುಪಿನ್ ಬಂದಳು. ಒದ್ದೆ ಕೈ ಬಟ್ಟೆಗೆ ಒರೆಸಿಕೊಂಡು ನೂಲಿನ ಅಂಚಿನಲ್ಲಿ, ಆದಷ್ಟು ಸಣ್ಣಗೆ ಕೂತಳು. ಅಕ್ಕನ ಕೈಯಿಂದ ಬತ್ತಿ ಅವಳ ಕೈಗೆ ಬಂತು. ಪ್ಲಾಂಗ್ ಅಜ್ಜಿ ವೀಳ್ಯ ಜಗಿಯುವುದನ್ನು ಮರೆತು ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ವಿಹಾರದಲ್ಲಿ ದೊಡ್ಡಮ್ಮನಿಗೆ ಕೆಲಸವಿಲ್ಲ. ಹಾಡಿನವರ ಕೆಲಸ ಹಿಂದಿನ ದಿನಕ್ಕೇ ಮುಗಿಯುತ್ತದೆ, ಹೆಚ್ಚಿನವರು ಬರುವುದೂ ಇಲ್ಲ. ಇವರು ಬರುತ್ತಾರೆ. ಕರೆದ ಕಳೆ ಬಂದಿದೆಯೇ ಎಂದು ನೋಡಬೇಕಂತೆ. ಅಂಗಳದ ಹುಣಸೆ ಮರದ ಬುಡದಲ್ಲಿ ನಿಂತಿದ್ದಾರೆ. ಮೋಡ ಇನ್ನೂ ಜಾಗ ಬಿಟ್ಟಿಲ್ಲ. ನಿಮಗೇನಾದರೂ ಆಸೆಯಿದೆಯೇ ಎಂದರೆ, ತಾಳದ ದಾರ ಸವೆದಿದೆ, ಅದನ್ನು ಬದಲಿಸಬೇಕು ಅನ್ನುತ್ತಾರೆ. ಆಮೇಲೆ, "ಹಾಡು ಬಿಡಪ್ಪ, ಯಾರಾದ್ರೂ ಕಲೀತಾರೆ. ಹೋಗಿ ಎದುರಿಗೆ ಕೂತು ಕೇಳೋಳು ಒಬ್ಬಳು ಬೇಕು. ಬೈಸಿಕೊಂಡ್ರೂ ಕೇಳೋಳು," ಎಂದು ಸೇರಿಸುತ್ತಾರೆ.

ಮೆರವಣಿಗೆ ಬರುತ್ತದೆ. ಡೋಲು, ಕುಣಿತ, ಕೊಡೆಯಡಿ ಬಿಳಿಯ ನಾಗ. ಅವನ ಚೀವರವನ್ನು ಮನೆಯಿಂದ ಗುಡಿಯ ಬಾಗಿಲ ತನಕ ಹೊತ್ತು ತರುವವಳು ತಾಯಿ. ಅದು ಬೇರೆ ಯಾರ ಹಕ್ಕೂ ಅಲ್ಲ. ಮಡಿಚಿದ ಹಳದಿ ಬಟ್ಟೆಯ ಹೊರೆಯನ್ನು ಎದೆಗವಚಿಕೊಂಡು ಸಂಗವಾನ್ ಬರುತ್ತಿದ್ದಾರೆ. ಇನ್ನು ಗುಡಿಯ ಸುತ್ತ ಮೂರು ಪ್ರದಕ್ಷಿಣೆ, ಆಮೇಲೆ ಮೆಟ್ಟಿಲು. ಮೊದಲ ಮೂಲೆಯಲ್ಲಿ ಸಂಗವಾನ್ ನಿಲ್ಲುತ್ತಾರೆ. ಹಿಂದಿನವರೂ ನಿಲ್ಲುತ್ತಾರೆ.

"ಯುಪಿನ್, ನನ್ನ ತೋಳು ಸೋತಿದೆ," ಅನ್ನುತ್ತಾರೆ. "ಸ್ವಲ್ಪ ಹಿಡಿ."

ಬೆಲ್ಲದ ಬಾಣಲೆ ಎತ್ತಿ ಇಳಿಸುವ ತೋಳು ಅದು. ಯುಪಿನ್ ಎರಡೂ ಕೈ ಚಾಚಿ ಹೊರೆಯನ್ನು ತೆಗೆದುಕೊಂಡು ಎದೆಗಲ್ಲ, ಹೊಟ್ಟೆಗೆ ಒತ್ತಿ ಹಿಡಿಯುತ್ತಾಳೆ. ಡೋಲು ಮತ್ತೆ ಶುರುವಾಗುತ್ತದೆ.

ಮೊದಲ ಸುತ್ತು. ಸಂಗವಾನ್ ತಂಗಿಗಿಂತ ಒಂದೇ ಹೆಜ್ಜೆ ಹಿಂದಿದ್ದಾರೆ. ಕಣ್ಣು ಆ ಹಳದಿಯಿಂದ ಕದಲುವುದಿಲ್ಲ. ಬರಿದಾದ ಕೈಗಳು ಇನ್ನೂ ಹೊತ್ತ ಹಾಗೇ ಬಾಗಿವೆ. ಎರಡನೆಯ ಸುತ್ತಿನಲ್ಲಿ ಪ್ಲಾಂಗ್ ಅಜ್ಜಿ ದೊಡ್ಡಮ್ಮನ ಪಕ್ಕ ಬಂದು, "ಕೊಟ್ಟಳಲ್ಲ, ಇನ್ನು ವಾಪಸು ಸಿಕ್ಕ ಹಾಗೇ," ಎಂದು ಗೊಣಗುತ್ತಾಳೆ. ದೊಡ್ಡಮ್ಮನೂ ಹಳದಿಯನ್ನೇ ನೋಡುತ್ತಿದ್ದಾರೆ.

ಮೂರನೆಯ ಸುತ್ತು ಮುಗಿಯುತ್ತದೆ. ಡೋಲು ನಿಲ್ಲುತ್ತದೆ. ಕುಂಗ್ ಗುಡಿಯ ಎಲ್ಲೆ ಗುರುತಿಸುವ ಗಡಿಗಲ್ಲಿಗೆ ನಮಸ್ಕರಿಸಿ, ಮೆಟ್ಟಿಲೇರಿ, ಬಾಗಿಲಲ್ಲಿ ತಿರುಗಿ ಮಂಡಿಯೂರುತ್ತಾನೆ. ತಾಯಿಯಿಂದ ಚೀವರ ಪಡೆಯಲು ಕೈ ಚಾಚುತ್ತಾನೆ. ಅವನೆದುರಿಗೆ, ಒಂದು ಮೊಳದ ದೂರದಲ್ಲಿ, ನಿಂತಿರುವವಳು ಚಿಕ್ಕಮ್ಮ. ಅವನಿಗೆ ಗೊತ್ತೋ ಇಲ್ಲವೋ, ಯಾರೂ ಕೇಳಿಲ್ಲ. ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆಯುವುದಿಲ್ಲ.

ಸಂಗವಾನ್ ಕೊಡು ಅನ್ನುವುದಿಲ್ಲ.

ಯುಪಿನ್ ಹುಡುಗನ ಮುಖವನ್ನು ಒಮ್ಮೆ, ಬೇಕಾದಷ್ಟು, ನೋಡುತ್ತಾಳೆ. ಆಮೇಲೆ ಅವನಿಗೆ ಬೆನ್ನಾಗಿ ತಿರುಗಿ, ಒಂದು ಮೆಟ್ಟಿಲು ಇಳಿದು, ಹೊರೆಯನ್ನು ಅಕ್ಕನ ಬಾಗಿದ ತೋಳುಗಳಲ್ಲಿ ಇಡುತ್ತಾಳೆ. ಬಟ್ಟೆಯ ಮಡಿಕೆಯೊಂದು ಜಾರಿತ್ತು, ಅದನ್ನು ಸರಿಮಾಡುತ್ತಾಳೆ.

"ತಗೋ ಅಕ್ಕ," ಅನ್ನುತ್ತಾಳೆ.